ಮೂರನೆಯ ಹಾಡು

"ಏನ್ರೀ ಅದು, ಆಗಿಂದ ನನ್ನನ್ನೇ ನೋಡ್ತಾ ಇದೀರಾ?"

ಸಿರ್ಕು ಹೀಗೆ ಕೇಳಿದ್ದು ಬೆಂಚಿನ ಆ ತುದಿಯಲ್ಲಿ ಕೂತಿದ್ದ ಗಂಡಸನ್ನು. ಹಡಗಿನ ಮುಂಭಾಗದಲ್ಲಿ ಇದ್ದದ್ದು ಅದೊಂದೇ ಬೆಂಚು. ನಿನ್ನೆ ಸವೋನ್‌ಲಿನ್ನಾ ಊರು ಬಿಟ್ಟಾಗಿನಿಂದ ಅವಳು ಎಡತುದಿಯಲ್ಲಿ, ಅವನು ಬಲತುದಿಯಲ್ಲಿ. ನಡುವಿನ ಜಾಗ ಅವನ ಕಾಫಿ ಫ್ಲಾಸ್ಕಿನ ಪಾಲು. ಫಿನ್‌ಲ್ಯಾಂಡಿನ ಸರೋವರ ಸೀಮೆಯಲ್ಲಿ ಅಪರಿಚಿತರು ಇಷ್ಟು ಹತ್ತಿರ ಕೂತರೆ ಅದೇ ದೊಡ್ಡ ಸಲಿಗೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂಬಂತೆ ಬದುಕುವ ಜನ.

ಅವನು ಕಿವಿಯವರೆಗೂ ಕೆಂಪಾದ. "ನಿಮ್ಮನ್ನಲ್ಲ... ನಿಮ್ಮ ಕನ್ನಡಕ. ಎಡಗಡೆ ವಾಲಿದೆ."

"ವಾಲಿದ್ರೆ?"

"ಕುವೋಪಿಯೊದಲ್ಲಿ ನಂದು ಕನ್ನಡಕದ ಅಂಗಡಿ. ಇಂಥದ್ದು ಕಂಡ್ರೆ ಕೈ ಸುಮ್ನಿರಲ್ಲ."

ಕೋಪ ಮಾಡಿಕೊಳ್ಳಲು ಸಿದ್ಧವಾಗಿದ್ದ ಸಿರ್ಕುವಿಗೆ ಕೋಪಕ್ಕೆ ಕಾರಣವೇ ಸಿಗಲಿಲ್ಲ. ತೆಗೆದುಕೊಟ್ಟಳು. ಕನ್ನಡಕವಿಲ್ಲದೆ ಸರೋವರ, ದ್ವೀಪ, ಬರ್ಚ್ ಮರಗಳು ಎಲ್ಲ ಕಲಸಿಹೋದವು. ಅವನು ಕೀಗೊಂಚಲಿನಿಂದ ಪುಟ್ಟ ಸ್ಕ್ರೂಡ್ರೈವರ್ ತೆಗೆದು ಏನೋ ಬಿಗಿ ಮಾಡಿದ, ಕಡ್ಡಿಯನ್ನು ಸ್ವಲ್ಪ ಬಗ್ಗಿಸಿದ. ಎದ್ದು ಬಂದು ತಾನೇ ಅವಳ ಮೂಗಿನ ಮೇಲಿಟ್ಟ. ಬೆರಳ ತುದಿ ಅವಳ ಕಿವಿಯ ಹಿಂದೆ ತಾಗಿತು, ತಕ್ಷಣ ಹಿಂದೆ ಸರಿಯಿತು. ಕಲಸಿದ್ದೆಲ್ಲ ತಿಳಿಯಾದಾಗ ಮೊದಲು ಕಂಡದ್ದು ಅವನ ಕಣ್ಣು. ಬೂದುಬಣ್ಣದ್ದು, ಅಂಚಿನಲ್ಲಿ ನಗೆಯ ಗೆರೆಗಳು. ಆ ಕಣ್ಣು ಕೆಲಸ ಮುಗಿದ ಮೇಲೂ ಅಲ್ಲೇ ನಿಂತಿತ್ತು.

"ಈಗ ಹೇಗಿದೆ?"

"ಸರೋವರ ನೆಟ್ಟಗಾಯ್ತು," ಎಂದಳು ಸಿರ್ಕು.

"ನಾನು ಕಲೆರ್ವೊ," ಎಂದು ಹೇಳಿ ಅವನು ಹೋಗಿ ಮತ್ತೆ ತನ್ನ ತುದಿಯಲ್ಲೇ ಕೂತ. ಅದು ಅವಳಿಗೆ ಯಾಕೋ ಇಷ್ಟವಾಗಲಿಲ್ಲ.

ಸಿರ್ಕು ಲಾಹ್ತಿ ಪಟ್ಟಣದಲ್ಲಿ ಕಾರು ಓಡಿಸುವುದನ್ನು ಕಲಿಸುತ್ತಾಳೆ. ನಲವತ್ತು ದಾಟಿದೆ. ಗಂಡ ಬಿಟ್ಟುಹೋಗಿ ಕೆಲವು ವರ್ಷವಾಯಿತು. ಹೋಗುವಾಗ ಅವನು ಬಾಗಿಲಲ್ಲಿ ನಿಂತು ಹೇಳಿದ್ದ: "ನೀನು ಕೇಳಿದೆ ಅಂತ ಮದುವೆಯಾದೆ ಅಷ್ಟೆ. ಇಲ್ಲ ಅನ್ನೋಕೆ ಸಂಕೋಚವಾಯ್ತು." ಅವನು ಹೋದದ್ದು ಮರೆತುಹೋಗಿದೆ. ಆ ಮಾತು ಮರೆತಿಲ್ಲ. ಇನ್ನು ಯಾರನ್ನೂ ತಾನಾಗಿ ಏನೂ ಕೇಳುವುದಿಲ್ಲ ಎಂದು ಅಂದೇ ತೀರ್ಮಾನಿಸಿದ್ದಳು.

ಈ ಪ್ರಯಾಣಕ್ಕೆ ಎಳೆದುಕೊಂಡು ಬಂದವಳು ಅಕ್ಕ ತೂಯಾ. ಅವಳಿಗೆ ಬಾಯಿ ಜೋರು.

"ಕಂಡೋರ ಮಕ್ಕಳಿಗೆ ಬ್ರೇಕ್ ಹಾಕು, ಬ್ರೇಕ್ ಹಾಕು ಅಂತ ಹೇಳಿ ಹೇಳಿ ನೀನೂ ಬ್ರೇಕ್ ಮೇಲೆ ಕಾಲಿಟ್ಕೊಂಡೇ ಕೂತಿದೀಯ ಕಣೇ," ಎಂದಳು ಹಡಗಿನ ಮಧ್ಯಾಹ್ನದ ಊಟದಲ್ಲಿ, ಹುರಿದ ಮೀನನ್ನು ಬಾಯಿಗೆ ಹಾಕಿಕೊಳ್ಳುತ್ತಾ.

"ನಿಂಗ್ಯಾಕೆ ಅಕ್ಕಾ? ಮೀನು ತಿನ್ನು."

"ತಿಂತಿದೀನಲ್ಲ. ಕನ್ನಡಕದೋನು ನೋಡೋದನ್ನೂ ನೋಡ್ತಿದೀನಿ."

ಸಂಜೆ ಹಡಗು ಒಂದು ಸಣ್ಣ ದಕ್ಕೆಗೆ ತಾಗಿತು. ಪೈನ್ ಮರಗಳ ನಡುವೆ ಹಲಗೆಯ ನೆಲದ ಕುಣಿತದ ಮಂಟಪ. ಒಂದು ಗೋಡೆಗೆ ಹೆಂಗಸರು, ಎದುರುಗೋಡೆಗೆ ಗಂಡಸರು. ಮೂಲೆಯಲ್ಲಿ ಅಕಾರ್ಡಿಯನ್ ನುಡಿಸುವವನೊಬ್ಬ, ಪಿಟೀಲಿನವಳೊಬ್ಬಳು. ಬೇಸಿಗೆಯಾದ್ದರಿಂದ ಸೂರ್ಯನಿಗೆ ಮುಳುಗುವ ಆತುರವೇನೂ ಇರಲಿಲ್ಲ. ಸೊಳ್ಳೆಗಳಿಗೂ ಅಷ್ಟೆ. ಹಡಗು ಎರಡನೆಯ ಸೀಟಿ ಊದುವವರೆಗೆ ಕುಣಿಯಬಹುದು ಎಂದ ಕ್ಯಾಪ್ಟನ್.

ಇಲ್ಲಿನ ಕಟ್ಟಳೆ ಸಿರ್ಕುವಿಗೆ ಹುಟ್ಟಿನಿಂದ ಗೊತ್ತು. ಕುಣಿಯಲು ಕರೆದವರಿಗೆ ಬೇಡ ಅನ್ನಬಾರದು. ಒಬ್ಬರ ಜೊತೆ ಎರಡು ಹಾಡು. ಆಮೇಲೆ ಗಂಡಸು ಹೆಂಗಸನ್ನು ಅವಳ ಜಾಗಕ್ಕೆ ತಂದುಬಿಟ್ಟು ಥ್ಯಾಂಕ್ಸ್ ಹೇಳಬೇಕು. ಹಾಗೆ ಹೇಳಿದರೆ ಮುಗಿಯಿತು. ಇಬ್ಬರೂ ಕೈ ಬಿಡದೆ ಮೂರನೆಯ ಹಾಡಿಗೆ ನಿಂತರೆ ಮಾತ್ರ ಮಂಟಪವೆಲ್ಲ ತಿರುಗಿ ನೋಡುತ್ತದೆ. ಎರಡು ಹಾಡು ಮರ್ಯಾದೆಗೆ, ಮೂರನೆಯದು ಮನಸ್ಸಿಗೆ.

ಮೊದಲು ಗಂಡಸರು ಕರೆಯುವ ಸರದಿ. ಕಲೆರ್ವೊ ನೇರವಾಗಿ ನಡೆದು ಬಂದು ಸಿರ್ಕುವಿನ ಮುಂದೆ ತಲೆ ಬಾಗಿಸಿದ. ಅವನು ಚೆನ್ನಾಗಿ ಕುಣಿಯುತ್ತಿದ್ದ. ಟ್ಯಾಂಗೊ ತಿರುವಿನಲ್ಲಿ ಅವನ ಅಂಗೈ ಅವಳ ಬೆನ್ನಿನ ಮೇಲೆ ಹಗುರವಾಗಿ, ಆದರೆ ಖಚಿತವಾಗಿ ಇತ್ತು. ದಿನವಿಡೀ ಇನ್ನೊಬ್ಬರಿಗೆ ಎಡಕ್ಕೆ, ಬಲಕ್ಕೆ ಎನ್ನುವ ಸಿರ್ಕು ಇಂದು ಯಾವ ಕಡೆಗೆ ಹೋಗುತ್ತಿದ್ದೇನೆ ಎಂದು ಯೋಚಿಸಲೇ ಇಲ್ಲ. ಎರಡನೆಯ ಹಾಡು ನಿಂತಿತು. ಅವಳ ಬೆರಳುಗಳು ಅವನ ಬೆರಳುಗಳಲ್ಲೇ ಇದ್ದವು. ಈಗ ಹಿಡಿದೇ ಇರುತ್ತಾನೆ ಅಂದುಕೊಂಡಳು.

ಅವನು ಅವಳನ್ನು ಗೋಡೆಯವರೆಗೆ ಕರೆದುಕೊಂಡು ಬಂದ. "ಥ್ಯಾಂಕ್ಸ್," ಎಂದ. ಹೋದ.

"ಅಯ್ಯೋ ಮಂಕೆ!" ಎಂದಳು ತೂಯಾ, ಯಾರಿಗೆಂದು ಹೇಳದೆ.

"ಮರ್ಯಾದೆಗೆ ಕರೆದ್ರು, ಬಿಟ್ಟುಹೋದ್ರು. ಅದರಲ್ಲೇನಿದೆ?" ಸಿರ್ಕುವಿನ ದನಿ ಸಮವಾಗಿಯೇ ಇತ್ತು. ಎದೆಯಲ್ಲಿ ಮಾತ್ರ ಕೈಗೆ ಬಂದದ್ದು ಬಾಯಿಗೆ ಬರಲಿಲ್ಲವಲ್ಲ ಎಂಬ ಹಳೆಯ ನೋವು.

ಗೋಡೆಯ ಮೇಲೆ, ಇನ್ನು ಹೆಂಗಸರು ಕರೆಯುವ ಸರದಿ ಎಂದು ತೋರಿಸುವ ದೀಪ ಹತ್ತಿತು. ಸಿರ್ಕು ಕೂತೇ ಇದ್ದಳು. ಕೆಂಪು ಅಂಗಿಯ ಎತ್ತರದ ಹೆಂಗಸೊಬ್ಬಳು ಹೋಗಿ ಕಲೆರ್ವೊನನ್ನು ಎಬ್ಬಿಸಿಕೊಂಡು ಹೋದಳು. ಅವಳು ಏನೋ ಹೇಳಿ ನಗುತ್ತಿದ್ದಳು. ಸಿರ್ಕು ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡಳು. ಎರಡು ಹಾಡು ಮುಗಿಸಿ, ಥ್ಯಾಂಕ್ಸ್ ಹೇಳಿ ಅವನು ಮತ್ತೆ ಎದುರುಗೋಡೆಗೆ ಬಂದು ಕೂತ. ಅವನ ನೋಟ ತನ್ನ ಬೂಟಿನ ಮೇಲಿತ್ತು, ಆಗಾಗ ಇತ್ತ ಬಂದು, ಕದ್ದು ಸಿಕ್ಕಿಬಿದ್ದಂತೆ ಮತ್ತೆ ಬೂಟಿಗೆ ಇಳಿಯುತ್ತಿತ್ತು.

ದಕ್ಕೆಯಿಂದ ಹಡಗಿನ ಮೊದಲ ಸೀಟಿ ಕೇಳಿತು.

"ನಾಳೆ ಕುವೋಪಿಯೊ," ಎಂದಳು ತೂಯಾ. "ಅವನು ಅಂಗಡಿಗೆ, ನೀನು ರೈಲಿಗೆ. ಆಮೇಲೆ ಜೀವಮಾನವೆಲ್ಲ ಕನ್ನಡಕ ನೆಟ್ಟಗಿದೆಯಾ ಅಂತ ಮುಟ್ಟಿ ಮುಟ್ಟಿ ನೋಡ್ಕೋತಾ ಕೂತಿರು."

"ಕರೆದ್ರೆ ಬಂದೇ ಬರ್ತಾರೆ ಅಕ್ಕಾ. ಬೇಡ ಅನ್ನೋ ಹಾಗಿಲ್ವಲ್ಲ. ಮನಸ್ಸಿಂದ ಬಂದ್ರೋ ಸಂಕೋಚಕ್ಕೆ ಬಂದ್ರೋ ಹೇಗೆ ಗೊತ್ತಾಗತ್ತೆ?"

ತೂಯಾ ಒಮ್ಮೆಗೆ ಮೆತ್ತಗಾದಳು. "ಎರಡು ಹಾಡು ಕಾಯಿ. ಗೊತ್ತಾಗತ್ತೆ."

ಹೆಂಗಸರ ಸರದಿಯ ದೀಪ ಇನ್ನೂ ಉರಿಯುತ್ತಿತ್ತು. ಸಿರ್ಕು ಎದ್ದಳು. ಆ ಹಲಗೆಯ ನೆಲ ಅಷ್ಟು ಅಗಲವಿದೆ ಎಂದು ಅವಳಿಗೆ ಗೊತ್ತಿರಲಿಲ್ಲ. ಎದುರುಗೋಡೆ ತಲುಪುವ ಮೊದಲೇ ಕಲೆರ್ವೊ ಎದ್ದು ನಿಂತಿದ್ದ.

ವಾಲ್ಟ್ಸ್ ಶುರುವಾಯಿತು. ಮೊದಲ ಹಾಡು ಮುಗಿಯಿತು. ಎರಡನೆಯದರ ನಡುವೆ ಅವಳೇ ಕೇಳಿದಳು.

"ಆಗ ಯಾಕೆ ಕೈ ಬಿಟ್ಟು ಹೋದ್ರಿ?"

"ಹಿಡ್ಕೊಂಡೇ ನಿಂತಿದ್ರೆ ನಿಮಗೆ ಬಿಡಿಸ್ಕೊಳ್ಳೋಕೆ ಸಂಕೋಚ ಆಗ್ತಿತ್ತು. ಮರ್ಯಾದೆಗೆ ನಿಲ್ತಿದ್ರಿ. ನನಗೆ ಮರ್ಯಾದೆ ಬೇಕಾಗಿರ್ಲಿಲ್ಲ." ಸ್ವಲ್ಪ ತಡೆದು ಹೇಳಿದ: "ನಿಮ್ಮ ಸರದಿ ಬರ್ಲಿ ಅಂತ ಕಾದೆ. ನೀವು ಏಳ್ಲೇ ಇಲ್ಲ."

ಸಿರ್ಕುವಿಗೆ ನಗುವೂ ಅಳುವೂ ಒಟ್ಟಿಗೆ ಬಂದವು. ತನ್ನನ್ನು ಇಷ್ಟು ವರ್ಷ ಹೆದರಿಸಿದ್ದ ಭಯವನ್ನೇ ಈ ಮನುಷ್ಯನೂ ಬಗಲಲ್ಲಿ ಇಟ್ಟುಕೊಂಡು ಓಡಾಡುತ್ತಿದ್ದಾನೆ!

"ಹಿಂದೆ ಒಂದ್ಸಲ ನಾನೇ ಕೇಳಿ ಕೆಟ್ಟಿದೀನಿ," ಎಂದಳು.

"ಈ ಸಲ ಕೇಳಿದ್ದಕ್ಕೆ ನಾನು ಕೆಟ್ಟೆ," ಎಂದ ಅವನು. ಆ ಗೆರೆಗಳು ಕಣ್ಣಂಚಿನಲ್ಲಿ ಮತ್ತೆ ಮೂಡಿದವು.

ಎರಡನೆಯ ಹಾಡು ಮುಗಿಯಿತು. ಹಡಗು ಇನ್ನೊಮ್ಮೆ, ಉದ್ದಕ್ಕೆ ಕೂಗಿತು. ಅಕಾರ್ಡಿಯನ್‌ನವನು "ಇವತ್ತಿಗೆ ಇಷ್ಟೇ" ಎಂದು ವಾದ್ಯವನ್ನು ಪೆಟ್ಟಿಗೆಗೆ ಹಾಕತೊಡಗಿದ. ಜನ ಕೋಟು ಹುಡುಕುತ್ತಾ ಹೊರಟರು.

ಕಲೆರ್ವೊ ಬಾಯಿ ತೆರೆದ.

"ಥ್ಯಾಂಕ್ಸ್ ಗೀಂಕ್ಸ್ ಅಂದ್ರೆ ನೋಡಿ ಮತ್ತೆ!" ಎಂದಳು ಸಿರ್ಕು.

"ಅನ್ನಲ್ಲ. ಹಾಡೇ ಮುಗೀತಲ್ಲ ಅಂತ ಹೇಳೋಕೆ ಹೋದೆ."

"ಮುಗಿದ್ರೆ ಮುಗೀಲಿ."

ಹಾಡಿಲ್ಲದ ಮಂಟಪದ ನಡುವೆ ಇಬ್ಬರೂ ಕೈ ಹಿಡಿದು ನಿಂತರು. ಹೆಜ್ಜೆ ಹಾಕಲಿಲ್ಲ. ಪಿಟೀಲಿನವಳು ಬಿಲ್ಲು ಒರೆಸುತ್ತಾ ನೋಡಿದಳು, ನೋಡದವಳಂತೆ ತಿರುಗಿದಳು. ಒಂದು ಹಾಡಿನಷ್ಟು ಹೊತ್ತು ಕಳೆದಿರಬೇಕು.

"ನಾನು ಕರೆದದ್ದು, ನಾನೇ ತಂದುಬಿಡ್ತೀನಿ," ಎಂದಳು ಸಿರ್ಕು. "ನಿಮ್ಮ ಜಾಗ ಎಲ್ಲಿ?"

"ಬೆಂಚಿನ ಬಲತುದಿ."

ಹಡಗಿನ ಮುಂಭಾಗಕ್ಕೆ ಬಂದಾಗ ಬಿಸಿಲು ಇನ್ನೂ ನೀರಿನ ಮೇಲಿತ್ತು. ಬೆಂಚಿನ ಎಡತುದಿಯಲ್ಲಿ ತೂಯಾ ಬೂಟು ಬಿಚ್ಚಿ, ಕಾಲು ಚಾಚಿ ಕೂತಿದ್ದಳು. ಕಾಫಿ ಫ್ಲಾಸ್ಕು ಅವಳ ತೊಡೆಯ ಮೇಲಿತ್ತು.

"ಅಕ್ಕಾ, ಅದು ನನ್ನ ಜಾಗ."

"ಗೊತ್ತು," ಎಂದಳು ತೂಯಾ, ಕದಲದೆ. "ಮಧ್ಯದಲ್ಲಿ ಖಾಲಿ ಇದೆ ನೋಡು."