ಶುಕ್ರವಾರ ಬರೆದ ರಿಪೋರ್ಟು

೨೦೧೯ರ ಫೆಬ್ರವರಿ ೧೨, ಮಂಗಳವಾರ ಬೆಳಿಗ್ಗೆ ೧೦.೨೦ಕ್ಕೆ ಮಾಲೆಗಾಂವ್‌ನ ಮಗ್ಗದ ಕೇರಿಯ ಠಾಣೆಗೆ ನೇಕಾರ ಅಷ್ಫಾಕ್ ಮೋಮಿನ್ ದೂರು ತಂದ. ಅವನ ಹತ್ತೊಂಬತ್ತರ ಮಗಳು ಸಾಯಿಮಾ ಕ್ಷಯದಿಂದ ಸತ್ತು ನಾಲ್ಕು ದಿನವಾಗಿತ್ತು. ಮೂರು ತಿಂಗಳ ಹಿಂದೆ ಅದೇ ಕೇರಿಯ ಲ್ಯಾಬಿನ ನದೀಮ್ ಅವಳ ರಕ್ತ ತೆಗೆದುಕೊಂಡು ‘ಕ್ಷಯವಿಲ್ಲ’ ಎಂದು ಬರೆದುಕೊಟ್ಟಿದ್ದ.

"ಸರ್ಕಾರಿ ಆಸ್ಪತ್ರೇಲಿ ಕಫ ಕೊಡಿ ಅಂದಿರ್ಲಿಲ್ವಾ?" ಇನ್ಸ್‌ಪೆಕ್ಟರ್ ವೈಜಯಂತಿ ದೇವರೆ ಕೇಳಿದರು.

"ಅಂದಿದ್ರು."

"ಮತ್ಯಾಕೆ ಕೊಡ್ಲಿಲ್ಲ?"

"ಮದುವೆಗಿರೋ ಹುಡುಗಿ ಮೇಡಂ. ಡಬ್ಬಿ ಹಿಡ್ಕೊಂಡು ಆ ಸಾಲಲ್ಲಿ ನಿಂತ್ರೆ ಸಂಜೆಯೊಳಗೆ ಮೊಹಲ್ಲಾಕ್ಕೆಲ್ಲ ಗೊತ್ತಾಗತ್ತೆ. ರಕ್ತ ಆದ್ರೆ ಯಾರಿಗೂ ಗೊತ್ತಾಗಲ್ಲ." ಅಷ್ಫಾಕ್ ದನಿ ಏರಿಸಿದ. "ನನ್ನನ್ನೇನು ಕೇಳ್ತೀರಾ? ಹೋಗಿ ಅವನ್ನ ಹಿಡೀರಿ!"

ದೇವರೆಯವರಿಗೆ ಅಪ್ಪನ ಮೇಲೂ ಸಿಟ್ಟು ಬಂತು. ಎಫ್‌ಐಆರ್ ದಾಖಲಾಯಿತು. ಫೋನಿನಲ್ಲಿ ಕ್ಷಯ ವಿಭಾಗದ ವೈದ್ಯರು ಗದರಿದರು: ಆ ರಕ್ತಪರೀಕ್ಷೆ ನಂಬಲಾಗದ್ದೆಂದು ಸರ್ಕಾರ ನಿಷೇಧಿಸಿ ಆರು ವರ್ಷ ದಾಟಿತು, ಪೊಲೀಸರು ನಿದ್ದೆ ಮಾಡುತ್ತಿದ್ದಾರೆಯೇ?

೧೨.೪೫ಕ್ಕೆ ಪಂಚನಾಮೆಗೆ ಹೋದಾಗ ಲ್ಯಾಬಿನ ಗಾಜಿಗೆ ಆಗಲೇ ಯಾರೋ ಕಲ್ಲು ಹೊಡೆದಿದ್ದರು. ನದೀಮ್ ಒಳಗೆ ಎದೆ ಸೆಟೆದು ನಿಂತಿದ್ದ.

"ಹೌದು, ಟೆಸ್ಟ್ ಮಾಡ್ದೆ. ನಿಷೇಧ ಗಿಷೇಧ ನಂಗೊತ್ತಿಲ್ಲ. ದಂಡ ಹಾಕ್ಕೊಳ್ಳಿ."

ಆನೆ ಕದ್ದವನು ಅಡಿಕೆ ಕದ್ದೆನೆಂದು ಒಪ್ಪಿಕೊಳ್ಳುವ ಜಾಣತನ ಅದು. ಅದನ್ನು ಹಿಡಿದವನು ಹೆಡ್ ಕಾನ್‌ಸ್ಟೆಬಲ್ ಸತ್ತಾರ್. ಅವನೂ ನೇಕಾರರ ಮನೆಯವನೇ. ಸಾಯಿಮಾಳ ರಿಪೋರ್ಟನ್ನು ಎರಡು ಸಲ ಓದಿದ: ನವೆಂಬರ್ ೯, ಮಧ್ಯಾಹ್ನ ೧೨.೧೦.

"ಮೇಡಂ, ಇದು ಶುಕ್ರವಾರ. ಅವತ್ತು ಮಗ್ಗಕ್ಕೆ ರಜಾ. ಅದಕ್ಕೇ ಲೈನ್ ದುರಸ್ತಿಗೂ ಅವತ್ತೇ ಕರೆಂಟ್ ತೆಗೀತಾರೆ, ಎಂಟರಿಂದ ನಾಲ್ಕರ ತನಕ." ನದೀಮನ ಕಡೆ ತಿರುಗಿದ. "ಏನ್ ನದೀಮ್ ಭಾಯ್, ನಿನ್ನ ಯಂತ್ರ ಊದಿದ್ರೆ ಓಡತ್ತಾ?"

ಲ್ಯಾಬಿನಲ್ಲಿ ಇನ್ವರ್ಟರ್ ಇರಲಿಲ್ಲ. ನವೆಂಬರ್ ೯ರಂದೂ ಕರೆಂಟು ಇರಲಿಲ್ಲವೆಂದು ವಿದ್ಯುತ್ ಕಚೇರಿಯ ದಾಖಲೆ ಖಚಿತಪಡಿಸಿತು. ಯಂತ್ರ, ರಿಜಿಸ್ಟರ್ ಎರಡನ್ನೂ ವಶಕ್ಕೆ ಪಡೆದು ನದೀಮನನ್ನು ವಿಚಾರಣೆಗೆ ಕರೆತಂದರು.

ಠಾಣೆಯಲ್ಲಿ ದೇವರೆ ರಿಜಿಸ್ಟರ್ ಬಿಚ್ಚಿ ಕೂತರು. ಗಂಡಸರಲ್ಲಿ ಕೆಲವರಿಗೆ ಕ್ಷಯ ಇತ್ತು, ಕೆಲವರಿಗೆ ಇರಲಿಲ್ಲ. ‘ಇಂಥವರ ಹೆಂಡತಿ’ ಎಂದಿದ್ದ ಕಡೆಯೂ ಹಾಗೇ. ‘ಇಂಥವರ ಮಗಳು’ ಎಂದಿದ್ದ ಸಾಲುಗಳು ಅರವತ್ತೊಂದು. ಒಬ್ಬಳಿಗೂ ಕ್ಷಯ ಇರಲಿಲ್ಲ. ಅವರು ಆ ಸಾಲುಗಳನ್ನು ಪಟ್ಟಿ ಮಾಡಿಕೊಂಡರು. ಇವರಲ್ಲಿ ಎಷ್ಟು ಜನ ಔಷಧಿಯಿಲ್ಲದೆ ಕೆಮ್ಮುತ್ತಾ ಕೂತಿದ್ದಾರೋ?

"ಹುಡುಗೀರ ರಕ್ತ ಏನು ಮಾಡ್ದೆ?" ನದೀಮನನ್ನು ಕೇಳಿದರು.

"ಚೆಲ್ಲಿದೆ."

"ಯಾಕೆ?"

"ನನ್ನ ತಂಗಿ ನುಜ್ಹತ್ ಸರ್ಕಾರಿ ಆಸ್ಪತ್ರೇಲಿ ಕಫ ಕೊಟ್ಲು. ಎಂಟೇ ದಿನಕ್ಕೆ ಗಂಡಿನ ಕಡೆಯವ್ರು ಉಂಗುರ ವಾಪಸ್ ಕಳ್ಸಿದ್ರು. ಲ್ಯಾಬಿಗೆ ಕಲ್ಲು ಹೊಡೆದ್ರಲ್ಲ, ಆ ಜನಾನೇ ನಮ್ಮನೇಲಿ ನೀರು ಕುಡಿಯೋದು ಬಿಟ್ರು. ಇನ್ನೊಬ್ಬಳಿಗೆ ಹಾಗಾಗೋದು ಬೇಡ ಅಂತ ಎಲ್ಲರಿಗೂ ಇಲ್ಲ ಅಂತ ಬರ್ದೆ. ಹಣೇಲಿದ್ರೆ ವಾಸಿಯಾಗ್ತಾರೆ ಅಂದ್ಕೊಂಡೆ."

"ತಂಗಿ ಈಗೆಲ್ಲಿ?"

"ಮನೇಲೇ. ಆರು ತಿಂಗಳು ಮಾತ್ರೆ ನುಂಗಿ ವಾಸಿಯಾದ್ಲು. ಮೂವತ್ತೆರಡು ತುಂಬ್ತು. ಕೇಳ್ಕೊಂಡು ಒಬ್ಬರೂ ಬರ್ಲಿಲ್ಲ."

"ಬದುಕಿದಾಳೆ," ಎಂದರು ದೇವರೆ.

ಸಂಜೆ ೬.೧೫ಕ್ಕೆ ಅವನ ಬಂಧನವಾಯಿತು.

ಮರುದಿನ ಬೆಳಿಗ್ಗೆ ೮ಕ್ಕೆ ದೇವರೆ ಪಟ್ಟಿ ಹಿಡಿದು, ಆಸ್ಪತ್ರೆಯ ನರ್ಸ್ ಜೊತೆ ಮೊದಲನೇ ಮನೆಯ ಬಾಗಿಲು ತಟ್ಟಿದರು. ತಾಯಿ ಒಂದು ಗೇಣಷ್ಟೇ ತೆರೆದಳು. ಗಲ್ಲಿಯ ಅತ್ತಿತ್ತ ನೋಡಿದಳು.

"ನಮ್ ಹುಡುಗಿಗೆ ಏನೂ ಇಲ್ಲ. ರಿಪೋರ್ಟ್ ಇದೆ. ಪೊಲೀಸು, ನರ್ಸು ಅಂತ ಬಾಗಿಲಲ್ಲಿ ನಿಂತು ಅವಳ ಬಾಳು ಹಾಳು ಮಾಡ್ಬೇಡಿ, ನಡೀರಿ!"

ಮುಚ್ಚುತ್ತಿದ್ದ ಬಾಗಿಲಿನ ಸಂದಿಗೆ ದೇವರೆ ಬೂಟು ಇಟ್ಟರು.

"ಅದನ್ನ ಬರೆದವನು ನನ್ನ ಲಾಕಪ್‌ನಲ್ಲಿದಾನೆ. ಮಗಳನ್ನ ಕರೀರಿ."