ಕೊಡೆಗಿಡದ ರಸ

ಮಂಗಳವಾರ ಬೆಳಿಗ್ಗೆ ಕಾಲುವೆ ಮೇಸ್ತ್ರಿಯನ್ನು ಅವನ ಹೆಂಡತಿ ಠಾಣೆಗೆ ಎಳೆದುಕೊಂಡು ಬಂದಳು. ಅವನ ಕುತ್ತಿಗೆ ನೋಡಿದ ದಫೇದಾರರು ಬಾಯಿಗೆ ಹಿಡಿದಿದ್ದ ಚಹಾ ಲೋಟವನ್ನು ಹಾಗೇ ಕೆಳಗಿಟ್ಟರು. ಕಿವಿಯಿಂದ ಎದೆಯವರೆಗೂ ನೀರು ತುಂಬಿದ ಬೊಬ್ಬೆಗಳು.

"ಆಸಿಡ್ ಹಾಕಿದಾರೆ ಸಾರ್. ಆ ಕಳೆ ಕೊಯ್ಯೋ ಹೆಂಗಸರಲ್ಲೇ ಯಾರೋ," ಎಂದಳು ಹೆಂಡತಿ.

"ಹಾಕಿದ್ದನ್ನ ನೋಡಿದ್ರಾ?" ಇನ್‌ಸ್ಪೆಕ್ಟರ್ ಕೇಳಿದರು.

"ನೋಡಿದ್ರೆ ಇಲ್ಲಿಗ್ಯಾಕೆ ಬರ್ತಿದ್ದೆ? ಅಲ್ಲೇ ಜುಟ್ಟು ಹಿಡೀತಿದ್ದೆ."

ಎಫ್‌ಐಆರ್ ದಾಖಲಾಯಿತು. ಮೇಸ್ತ್ರಿಯನ್ನು ಪರೀಕ್ಷಿಸಿದ ಡಾಕ್ಟರು ಅಲ್ಲವೆಂದು ತಲೆಯಾಡಿಸಿದರು.

"ಆಸಿಡ್ ಆಗಿದ್ರೆ ಬಿದ್ದ ಕ್ಷಣವೇ ಚೀರ್ತಿದ್ದ. ಇದು ಕೊಡೆಗಿಡದ ರಸ. ಕಾಲುವೆ ದಂಡೆ ತುಂಬ ಆಳೆತ್ತರಕ್ಕೆ ಬಿಳಿ ಹೂ ಬಿಟ್ಕೊಂಡು ನಿಂತಿದೆಯಲ್ಲ, ಅದು. ಎಲ್ಲಿಂದಲೋ ಬಂದು ಬೇರು ಬಿಟ್ಟಿದೆ. ರಸ ತಾಗಿದ ಚರ್ಮಕ್ಕೆ ಬಿಸಿಲು ಬಿದ್ರೆ ಸುಡುತ್ತೆ."

"ನಾನು ಆ ಗಿಡ ಮುಟ್ಟೋದೇ ಇಲ್ಲ," ಮೇಸ್ತ್ರಿ ನರಳಿದ. "ದಂಡೆ ಮೇಲೆ ನಿಂತು ಕೆಲಸ ಮಾಡಿಸ್ತೀನಿ. ಸೆಕೆಗೆ ಕೊರಳಿಗೊಂದು ಒದ್ದೆ ಟವೆಲ್, ಅಷ್ಟೇ."

ಇನ್‌ಸ್ಪೆಕ್ಟರ್ ಆ ಮಾತನ್ನು ಹಿಡಿದುಕೊಂಡರು. ಕಾಲುವೆ ದಂಡೆಯ ಸಾಮಾನಿನ ಶೆಡ್ಡಿನಲ್ಲಿ, ನಲ್ಲಿಯ ಪಕ್ಕದ ಮೊಳೆಗೆ ಟವೆಲ್ ಇನ್ನೂ ನೇತಾಡುತ್ತಿತ್ತು. ಮೂಗಿನ ಹತ್ತಿರ ತಂದರೆ ಹಸಿ ದಂಟಿನ ಘಾಟು. ಪಂಚರ ಮುಂದೆ ಅದನ್ನು ಜಪ್ತಿ ಮಾಡಿ ಪಂಚನಾಮೆ ಬರೆಸಿದರು. ಆಮೇಲೆ ಕೊಯ್ಯುವ ಹೆಂಗಸರನ್ನು ಸಾಲಾಗಿ ನಿಲ್ಲಿಸಿದರು. ಪ್ರತಿಯೊಬ್ಬಳ ಬಲಗೈಗೆ ರಬ್ಬರಿನ ಗ್ಲೌಸ್, ಎಡಗೈಗೆ ಇಲ್ಲ.

"ಇದೇನು, ಒಂದೇ ಕೈಗೆ?"

"ಇಬ್ಬರಿಗೆ ಒಂದು ಜೊತೆ ಕೊಡ್ತಾರೆ ಸಾರ್," ಎಂದಳು ಬಾಯಾಳಿಯೊಬ್ಬಳು. "ಎಡಗೈದನ್ನ ತಿರುಗಿಸಿ ಬಲಗೈಗೆ ಹಾಕ್ಕೋತೀವಿ."

"ಎಡಗೈ ಏನು ಮಾಡುತ್ತೆ?"

"ಬೆನ್ನ ಹಿಂದೆ ಆರಾಮಾಗಿರುತ್ತೆ. ನಮ್ಮ ಮೇಸ್ತ್ರಿ ಥರ."

ಉಳಿದವರು ಕಿಸಕ್ಕೆಂದರು. ಇನ್‌ಸ್ಪೆಕ್ಟರ್ ನಗಲಿಲ್ಲ. ಗಿಡ ಕೊಯ್ಯಲು ಒಂದು ಕೈ ಸಾಕು. ರಸದಲ್ಲಿ ಅದ್ದಿದ ಟವೆಲನ್ನು ಹಿಂಡಲು ಎರಡೂ ಬೇಕು.

"ಎಲ್ಲರೂ ಎಡಗೈ ಮುಂದೆ ಹಿಡೀರಿ."

ಕೈಗಳು ಮುಂದೆ ಬಂದವು, ಒಂದರ ಹೊರತು. ಗುಂಪಿಗೆ ಹಿರಿಯಳಾದ, ಎಲ್ಲರೂ ದೊಡ್ಡಕ್ಕ ಎನ್ನುವವಳು ತಾನಾಗಿಯೇ ಕೈಗೆ ಸುತ್ತಿದ್ದ ಬಟ್ಟೆ ಬಿಚ್ಚಿದಳು. ಮಣಿಕಟ್ಟಿನಿಂದ ಮೊಣಕೈವರೆಗೆ ರಸ ಇಳಿದ ದಾರಿಯಲ್ಲೇ ಬೊಬ್ಬೆಗಳು ಎದ್ದಿದ್ದವು.

"ಜೊತೆಗಾರ್ತಿ ಗ್ಲೌಸ್ ಇಸ್ಕೋಬಹುದಿತ್ತಲ್ಲ?"

"ಇಸ್ಕೊಂಡಿದ್ರೆ ಅವಳೂ ಸಿಕ್ಕಿಹಾಕ್ಕೋತಿದ್ಲು."

ಬಂಧನದ ಕಾಗದಗಳು ಮುಗಿಯುವವರೆಗೆ ದೊಡ್ಡಕ್ಕ ಠಾಣೆಯ ಬೆಂಚಿನ ಮೇಲೆ ಕೂತಿದ್ದಳು. ಯಾಕೆ ಹೀಗೆ ಮಾಡಿದೆ ಎಂದರೆ ಸುತ್ತಿಬಳಸದೆ ಹೇಳಿದಳು. ಬೇಸಿಗೆಯಲ್ಲಿ ಮಗಳನ್ನೂ ಕೆಲಸಕ್ಕೆ ಸೇರಿಸಿದ್ದಳು. ದಂಟು ಸಿಡಿದು ಹುಡುಗಿಯ ಮುಖ ಸುಟ್ಟಿತು, ಒಂದು ಕಣ್ಣು ಮಬ್ಬಾಯಿತು. ಏನೋ ಅಗ್ಗದ ಕಾಡಿಗೆ ಹಚ್ಚಿಕೊಂಡಿದ್ದಳು ಎಂದು ಮೇಸ್ತ್ರಿ ಆಫೀಸಿಗೆ ಹೇಳಿದ. ಆಫೀಸು ಅವನ ಮಾತನ್ನೇ ನಂಬಿ ಹುಡುಗಿಯನ್ನು ಕೆಲಸದಿಂದ ತೆಗೆಯಿತು.

"ಎಲ್ಲ ಕಡೆ ಅಲೆದೆ ಸಾರ್. ಗಿಡ ಎಲ್ಲಾದ್ರೂ ಸುಡುತ್ತಾ ಅಂತ ನಕ್ಕರು. ಮೇಸ್ತ್ರಿಗೇ ಸುಟ್ಟರೆ ನಗಲ್ಲ ಅಂದ್ಕೊಂಡೆ." ಅವಳು ಮೇಜಿನ ಮೇಲಿದ್ದ ಡಾಕ್ಟರ ವರದಿಯತ್ತ ಕುತ್ತಿಗೆ ಚಾಚಿದಳು. "ಅದರಲ್ಲಿ ಗಿಡದ ಮಾತು ಬಂದಿದೆಯಾ?"

ಇನ್‌ಸ್ಪೆಕ್ಟರ್ ಓದಿದರು: "ವಿಷಕಾರಿ ಗಿಡದ ರಸ ಹಾಗೂ ಬಿಸಿಲಿನಿಂದ ಉಂಟಾದ ಸುಟ್ಟಗಾಯ."

"ಇನ್ನೊಂದ್ಸಲ ಓದಿ. ಸ್ವಲ್ಪ ಜೋರಾಗಿ. ಹೊರಗೆ ನನ್ನ ಮಗಳಿದಾಳೆ."

ಅವರು ಗಂಟಲು ಸರಿಮಾಡಿಕೊಂಡು, ಜಗಲಿಗೆ ಕೇಳಿಸುವಂತೆ ಓದಿದರು.

"ಯಾರ ಗಾಯಕ್ಕೆ ಬರೆದಿದ್ದಮ್ಮ ಅದು?" ಹೊರಗಿನಿಂದ ಹುಡುಗಿ ಕೇಳಿದಳು.

"ಮೇಸ್ತ್ರಿದು," ಎಂದಳು ದೊಡ್ಡಕ್ಕ.