ಯಾರ ಪೈಕಿ?

"ಆ ಕಾದಂಬರಿಯ ಮೃಗ ನಮ್ಮೊಳಗೂ ಐತಿ ಅಂತೀರೇನು, ಮೇಡಂ?"

ವಿಜಯಪುರದ ವಿಚಾರಗೋಷ್ಠಿಯಲ್ಲಿ ಪ್ರಶ್ನೆ ಬಾಣದಂತೆ ಬಂತು. ಕೇಳಿದವನು ಬಬಲೇಶ್ವರದ ಉಪನ್ಯಾಸಕ ಸಿದ್ದಲಿಂಗೇಶ. ವೇದಿಕೆಯಲ್ಲಿದ್ದವಳು ತಿಕೋಟಾದ ಕಾಲೇಜಿನ ಆಮ್ರಪಾಲಿ. ಹಿಮದಲ್ಲಿ ಸಿಕ್ಕಿಬಿದ್ದ ಸಭ್ಯ ಸಂಸಾರಗಳು ರೊಟ್ಟಿಯ ತುಣುಕಿಗಾಗಿ ಹುಲಿಗಳಾಗುವ ಹಳೆಯ ಕಾದಂಬರಿಯೊಂದರ ಬಗ್ಗೆ ಮಾತನಾಡುತ್ತಿದ್ದಳು.

"ಐತ್ರಿ! ಇಸ್ತ್ರಿ ಅಂಗಿ ಹಾಕ್ಕೊಂಡು ಪ್ರಶ್ನೆ ಕೇಳಾಕತ್ತೈತಿ!"

ಸಭೆ ಗೊಳ್ಳೆಂದಿತು. ಎಲ್ಲರಿಗಿಂತ ಜೋರಾಗಿ ನಕ್ಕವನು ಅವನೇ. ಆ ನಗೆಗೇ ಅವಳು ಸೋತಳು.

ವರ್ಷ ತುಂಬುವುದರೊಳಗೆ ಅವನು ಅವಳನ್ನು ಮನೆಗೆ ಕರೆದೊಯ್ದ. "ಅವ್ವನ ಮುಂದ ಎಲ್ಲಾ ಹೇಳ್ತೀನಿ" ಎಂದಿದ್ದ. ಎಲ್ಲಾ... ಎಂದರೆ ಪ್ರೀತಿಯನ್ನೂ, ಅವಳು ದಲಿತ ಬೌದ್ಧರ ಓಣಿಯ ಮಗಳೆಂಬುದನ್ನೂ.

ತಾಯಿ ರುದ್ರವ್ವನದು ಬೆಲ್ಲದಂಥ ಮಾತು. ಶೇಂಗಾ ಹೋಳಿಗೆಗೆ ತುಪ್ಪ ಹಾಕುತ್ತಾ ಕೇಳಿದಳು:

"ಯಾರ ಪೈಕಿ ಆಗಬೇಕು, ತಂಗಿ?"

ಈ ಸೀಮೆಯಲ್ಲಿ ಜಾತಿಯನ್ನು ಹೀಗೆ ಬೆನ್ನು ಸವರಿ ಕೇಳುತ್ತಾರೆ. ಆಮ್ರಪಾಲಿ ಬಾಯಿ ತೆರೆದಳು. ಅಷ್ಟರಲ್ಲಿ ಸಿದ್ದಲಿಂಗೇಶ ಹೇಳಿಬಿಟ್ಟ:

"ನಮ್ಮ ಪೈಕಿನ, ಯವ್ವಾ!"

ರುದ್ರವ್ವನ ಮುಖ ಅರಳಿತು. "ಬದುಕಿದೆ ನನ್ನವ್ವಾ! ಮೊನ್ನೆ ಒಬ್ಬಾಕಿ ಬಂದಿದ್ಲು. ಯಾರಾಕಿ ಅಂತ ಆಮ್ಯಾಲ ಗೊತ್ತಾತು... ಆಕಿ ಕುಡದ ಕಪ್ಪು ತಿಪ್ಪಿಗೆ ಒಗದೆ!"

ನಗುತ್ತಲೇ ಹೇಳಿದಳು. ನಗುತ್ತಲೇ ಇನ್ನಷ್ಟು ತುಪ್ಪ ಸುರಿದಳು.

ಆಮ್ರಪಾಲಿಗೆ ಅಳು ಬರಲಿಲ್ಲ, ಸಿಟ್ಟೂ ಬರಲಿಲ್ಲ. ಅಗಿದಳು, ನುಂಗಿದಳು. 'ಮೃಗದ ಬಗ್ಗೆ ಇಷ್ಟು ಪಾಠ ಮಾಡಿದೆ... ಅದು ತುಪ್ಪ ಬಡಿಸುತ್ತದೆಂದು ತಿಳಿದಿರಲಿಲ್ಲ.'

ಬಸ್ ನಿಲ್ದಾಣಕ್ಕೆ ಬಂದ ಮೇಲೆ ಅವಳೆಂದಳು: "ನನ್ನ ಮುಚ್ಚಿಟ್ರಿ."

"ಇಲ್ಲ! ನನ್ನಾಕಿ ಅನ್ನೂ ಅರ್ಥದಾಗ ಅಂದೆ..."

"ನಿಮ್ಮವ್ವ ಯಾವ ಅರ್ಥ ತಿಳಕೊಂಡ್ರು?"

ಅವಳು ಬಸ್ಸು ಹತ್ತಿದಳು. ಬಸ್ಸು ಹೊರಟಿತು.

ಮುಂದಿನ ದಿನಗಳು ಬಂದವು, ಹೋದವು. ಪಾಠ ಮಾಡಿದಳು, ಉಂಡಳು, ಮಲಗಿದಳು. ಫೋನ್ ಬಡಿದುಕೊಂಡರೆ ಪಕ್ಕದ ಮನೆಯದೆಂಬಂತೆ ಕೇಳಿಸಿಕೊಂಡಳು.

ಒಂದು ಮಧ್ಯಾಹ್ನ ತಿಕೋಟಾದ ಕಾಲೇಜಿನ ಗೇಟಿನಲ್ಲಿ ಅವನು ನಿಂತಿದ್ದ, ಕೈಯಲ್ಲೊಂದು ಬಟ್ಟೆಯ ಚೀಲ.

"ಅವ್ವನ ಮುಂದ ಹೇಳಿದೆ. ನಿನ್ನ ಹೆಸರು, ನಿಮ್ಮಪ್ಪನ ಹೆಸರು, ನಿಮ್ಮ ಓಣಿ... ಎಲ್ಲಾ."

"ಅವರು?"

"ನೀ ಉಂಡ ತಾಟು ಅಂಗಳಕ್ಕ ಒಗದ್ಲು. ನಾ ಆರಿಸಿ ತಂದು ಅದರಾಗನ ಉಂಡೆ. ಹಿಂದಿಂದ ನನ್ನ ಅಂಗಿ-ಅರಿವಿನೂ ಅಂಗಳಕ್ಕ ಬಂದ್ವು." ಅವನು ಚೀಲ ಎತ್ತಿ ತೋರಿಸಿದ. "ಅವತ್ತು ಅಂಜಿದ್ದೆ, ಆಮ್ರಪಾಲಿ. ಪ್ರೀತಿ ಅಂತ ಹೆಸರಿಟ್ಟು ಅಂಜಿದ್ದೆ."

"ನನಗ ಏನೂ ಅನಸವಲ್ದು, ನೋಡ್ರಿ..."

"ಅನಸೂತನಕ ನಿಂದರ್ತೀನಿ."

ಜೋಮು ಹಿಡಿದ ಕಾಲಿಗೆ ರಕ್ತ ಹರಿದಾಗ ಚುಚ್ಚುವಂತೆ ಅವಳ ಎದೆಯಲ್ಲೇನೋ ಚುಚ್ಚತೊಡಗಿತು. ನೋವು! ಎಷ್ಟು ದಿನಗಳ ಮೇಲೆ...

"ಮನಿಗೆ ನಡೀರಿ," ಎಂದಳು. "ನಮ್ಮಪ್ಪ ಭಾಳ ಸಿಟ್ಟಿನ ಮನಷ್ಯಾ."

"ಬೈದ್ರ?"

"ಬೈಸಿಕೋರಿ. ನಾ ಬಾಜೂಕ ಕುಂದರ್ತೀನಿ."